ಆಯುಧ ಯಾವುದು, ಕೋವಿಯೋ ಮದ್ದೋ?

ಹಳೆಯ ಕಾಲದ ಕೋವಿಗಳ ಮಾತು ಬಂದಾಗಲೆಲ್ಲ ಒಂದು ಎಣಿಕೆ ತಾನಾಗಿ ಮುಂದೆ ಬಂದು ಕೂರುತ್ತದೆ: ಅಪಾಯವೇನಿದ್ದರೂ ಕೋವಿಯದು, ಮದ್ದು ಅದರ ಜೊತೆಗಿರುವ ಸಾಮಗ್ರಿ ಅಷ್ಟೆ. ಇಂಗ್ಲೆಂಡಿನ ಅಥವಾ ಅಮೆರಿಕದ ಅಂತರ್ಯುದ್ಧವನ್ನು ಮೈದಾನದಲ್ಲಿ ಮತ್ತೆ ಆಡಿ ತೋರಿಸುವ ಹವ್ಯಾಸಿಗಳಲ್ಲಿ ಇದು ಇದೆ, ಅವರನ್ನು ನೋಡಲು ನೆರೆಯುವ ಜನರಲ್ಲಿ ಇದೆ, ಅಜ್ಜನ ಕಾಲದ ಕೇಪಿನ ಕೋವಿ ಉಳಿದಿರುವ ನಮ್ಮ ಮಲೆನಾಡಿನ ಮನೆಗಳಲ್ಲೂ ಇದೆ. ಇದನ್ನು ಅರ್ಧಂಬರ್ಧ ಹೇಳಿ ಕೆಡವುವುದು ಸುಲಭ. ಪೂರ್ತಿ ಬಲದಲ್ಲೇ ಹೇಳೋಣ. ಲೈಸೆನ್ಸ್ ಇರುವುದು ಕೋವಿಗೆ. ಕೋವಿಗೆ ನಂಬರು ಇದೆ, ಒಡೆಯನಿದ್ದಾನೆ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾದದ್ದೂ ಅದೇ. ಮದ್ದಿಗೆ ಅಂಥ ಗುರುತು ಯಾವುದೂ ಇಲ್ಲ. ಇನ್ನು ಕರಿಮದ್ದು ಎಂಬುದು ಕಾಲ ಮುಗಿದ ವಸ್ತು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆರಹಿತ ಮದ್ದು ಬಂದ ಮೇಲೆ ಜಗತ್ತಿನ ಸೇನೆಗಳೆಲ್ಲ ಇದನ್ನು ಕೈಬಿಟ್ಟದ್ದು ಇದರ ಬಲ ಸಾಲದೆಂದೇ. ಅಲ್ಲದೆ ಪ್ರದರ್ಶನದ ಕೋವಿಗೆ ಗುಂಡು ಹಾಕುವುದಿಲ್ಲ. ಸದ್ದು, ಹೊಗೆ, ಒಂದಿಷ್ಟು ಬೆಂಕಿ ಬಂದರೆ ಸಾಕು. ಉಳಿದ ಜಾಗ್ರತೆ ಏನಿದ್ದರೂ ಗಟ್ಟಿಯಾದ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಮುಗಿಯಿತು. ಈ ನಾಲ್ಕು ಮಾತುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ, ಅದಕ್ಕೇ ಇವು ಇಷ್ಟು ಗಟ್ಟಿಯಾಗಿ ನಿಂತಿವೆ. ಆದರೆ ನಾಲ್ಕರಿಂದಲೂ ಜನ ತೆಗೆಯುವ ತೀರ್ಮಾನ ತಪ್ಪು.

ಮೊದಲು ಕಾನೂನಿನ ವಿಷಯ. ಕಾನೂನು ಕೋವಿಯನ್ನೇ ಹಿಡಿಯುತ್ತದೆ ಎಂಬುದು ನಮ್ಮ ಅನುಭವವಿರಬಹುದು. ಇಂಥ ಪ್ರದರ್ಶನಗಳು ದೊಡ್ಡದಾಗಿ ಬೆಳೆದಿರುವ ದೇಶಗಳಲ್ಲಿ ಚಿತ್ರ ಬಹುಮಟ್ಟಿಗೆ ತಿರುವುಮುರುವಾಗಿದೆ. ಅಮೆರಿಕದ 1968ರ ಕೋವಿ ಕಾಯ್ದೆಯ ಪ್ರಕಾರ 1898ರವರೆಗೆ ತಯಾರಾದ ಕೋವಿ, ಅದರ ಮಾದರಿಯಲ್ಲಿ ಇಂದು ಮಾಡಿದ ಬಾಯಿಂದ ಮದ್ದು ಜಡಿಯುವ ಕೋವಿ, ಇವು ಸಾಮಾನ್ಯವಾಗಿ ಕಾನೂನಿನ ಅರ್ಥದ ಬಂದೂಕುಗಳೇ ಅಲ್ಲ. ಆದರೆ ಅದೇ ಕೋವಿಗೆ ಹಾಕುವ ಕರಿಮದ್ದು ಮಾತ್ರ ಸ್ಫೋಟಕಗಳ ಪಟ್ಟಿಯಲ್ಲಿದೆ. ಹವ್ಯಾಸಿಗಳಿಗೆ ಕೊಟ್ಟಿರುವುದು 50 ಪೌಂಡಿನ ಮಿತಿಯ ಒಂದು ರಿಯಾಯಿತಿ. ಬ್ರಿಟನ್ನಿನಲ್ಲಿ ನುಣುಪು ನಳಿಗೆಯ ಮಸ್ಕೆಟ್ಟಿಗೆ ಶಾಟ್‌ಗನ್ ಸರ್ಟಿಫಿಕೇಟ್ ಬೇಕು. ಕರಿಮದ್ದನ್ನು ಕೊಳ್ಳಲು ಮತ್ತು ಮನೆಯಲ್ಲಿಡಲು ಪೊಲೀಸರಿಂದಲೇ ಬೇರೊಂದು ಸ್ಫೋಟಕ ಸರ್ಟಿಫಿಕೇಟ್ ಬೇಕು. ಅಲ್ಲಿನ ಇನ್ನೊಂದು ನಿಯಮ ನನ್ನ ವಾದಕ್ಕೆ ಹೆಚ್ಚು ಹತ್ತಿರದ್ದು. ನಿಜವಾದ ಹಳೆಯ ಕೋವಿಯನ್ನು ಅಲಂಕಾರಕ್ಕೆಂದು ಗೋಡೆಗೆ ತೂಗುಹಾಕಿಕೊಂಡರೆ ಸರ್ಟಿಫಿಕೇಟಿನ ಅಗತ್ಯವಿಲ್ಲ. ಅದನ್ನು ಹಾರಿಸಬೇಕು ಎಂದು ಹೊರಟರೆ ಬೇಕು. ಎರಡು ಸಂದರ್ಭಗಳಲ್ಲೂ ಇರುವುದು ಅದೇ ಮರ, ಅದೇ ಕಬ್ಬಿಣ. ಬದಲಾದದ್ದು ಮದ್ದು ಬಂದು ಸೇರಿತು ಎನ್ನುವುದೊಂದೇ. ಬಾಯಿಂದ ಜಡಿಯುವ ಕೋವಿ ಒಂದು ತುದಿ ಮುಚ್ಚಿದ ಕೊಳವೆ. ಒಳಗೆ ಏನನ್ನು, ಎಷ್ಟು, ಯಾವಾಗ ಹಾಕಬೇಕು ಎಂಬುದನ್ನೆಲ್ಲ ಅದನ್ನು ಹಿಡಿದವನೇ ತೀರ್ಮಾನಿಸುತ್ತಾನೆ. ಈಗಿನ ಬಂದೂಕಿನಲ್ಲಿ ಆ ತೀರ್ಮಾನ ಕಾರ್ಖಾನೆಯಲ್ಲೇ ಆಗಿ, ಹಿತ್ತಾಳೆಯ ತೋಟೆಯೊಳಗೆ ಭದ್ರವಾಗಿ ಕೂತು ಬಂದಿರುತ್ತದೆ. ಹಳೆಯ ಕೋವಿಯವನು ಬಿಡಿ ಮದ್ದನ್ನು ಕೈಯಲ್ಲಿ ಹಿಡಿದ ಕಾರ್ಖಾನೆಯವನೂ ಹೌದು. ಹಾಗಾಗಿ ಮದ್ದಿನ ಮೇಲೆ ಕಣ್ಣಿಟ್ಟ ಕಾನೂನು ವಿಚಿತ್ರವಾಗಿ ಕಂಡರೂ ಸರಿಯಾದ ಕಡೆಯೇ ನೋಡುತ್ತಿದೆ.

ಎರಡನೆಯ ಮಾತು, ಹಳತಾದ್ದರಿಂದ ದುರ್ಬಲ ಎಂಬುದು. ಇಲ್ಲಿ ಬಲ ಎಂಬ ಒಂದೇ ಮಾತಿನಡಿ ಎರಡು ಸಂಗತಿಗಳು ಕಲಸಿಹೋಗಿವೆ. ಗುಂಡನ್ನು ಎಷ್ಟು ವೇಗವಾಗಿ ತಳ್ಳುತ್ತದೆ ಎಂಬ ಲೆಕ್ಕದಲ್ಲಿ ಕರಿಮದ್ದು ಹೊಗೆರಹಿತ ಮದ್ದಿಗೆ ಸಾಟಿಯಲ್ಲ, ಒಪ್ಪೋಣ. ಉರಿದಾಗ ಬರುವ ಪದಾರ್ಥದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವೇ ಅಲ್ಲ. ಹೊಗೆಯಾಗಿ ಹಾರುವ, ನಳಿಗೆಯೊಳಗೆ ಮಸಿಯಾಗಿ ಅಂಟುವ ಘನವಸ್ತು. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಶಾಖವಿದ್ದರೆ ಒಂದು ಕಿಲೋ ಕರಿಮದ್ದಿನಲ್ಲಿರುವುದು 3ರ ಆಸುಪಾಸು. ಅಂದರೆ ಬರೀ ಶಕ್ತಿಯ ಲೆಕ್ಕ ಹಿಡಿದರೆ ಹಿತ್ತಲಿನ ಸೌದೆ ಒಟ್ಟಿಲಿನ ಮುಂದೆ ಮದ್ದು ಏನೂ ಅಲ್ಲ. ಆದರೂ ಸೌದೆ ಒಟ್ಟಿಲು ಮನೆಯನ್ನು ಹಾರಿಸುವುದಿಲ್ಲ, ಏಕೆಂದರೆ ಅದು ಉರಿಯಲು ಹೊರಗಿನ ಗಾಳಿಗೆ ಕಾಯಬೇಕು. ಕರಿಮದ್ದಿನಲ್ಲಿ ಇದ್ದಿಲು ಮತ್ತು ಗಂಧಕದ ಪಕ್ಕದಲ್ಲೇ ಪೆಟ್ಲುಪ್ಪು ಇದೆ. ಉರಿಗೆ ಬೇಕಾದ ಆಮ್ಲಜನಕ ಅದರಲ್ಲೇ ಅಡಗಿದೆ. ಕಾಯುವ ಕೆಲಸವಿಲ್ಲ. ಸಣ್ಣ ಕಿಡಿ, ಉಜ್ಜಾಟ, ಮೇಲೆ ಬಿದ್ದ ಒಂದು ಕೆಂಡ ಸಾಕು, ರಾಶಿಗೆ ರಾಶಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸಾಗಾಟಕ್ಕಾಗಿ ವಿಶ್ವಸಂಸ್ಥೆ ಮಾಡಿರುವ ವರ್ಗೀಕರಣದಲ್ಲಿ ಕಾಳಿನ ಕರಿಮದ್ದು ಸೇರುವುದು 1.1 ಎಂಬ ವಿಭಾಗಕ್ಕೆ, ಅಂದರೆ ಇಡೀ ಸರಕು ಒಟ್ಟಿಗೆ ಸ್ಫೋಟಿಸಬಲ್ಲ ವಸ್ತುಗಳ ಸಾಲಿಗೆ. ಈಗಿನ ಬಂದೂಕುಗಳ ಹೊಗೆರಹಿತ ಮದ್ದು ಸಾಮಾನ್ಯವಾಗಿ 1.3 ಅಥವಾ 1.4ರಲ್ಲಿ, ಅಂದರೆ ಮುಖ್ಯವಾಗಿ ಬೆಂಕಿಯ ಭಯವಿರುವ ಸಾಲಿನಲ್ಲಿ ಬರುತ್ತದೆ. ಗುಂಡು ಹೊಡೆಯಲು ಬಲಶಾಲಿಯಾದದ್ದು ಇಡಲು ಸೌಮ್ಯ. ಹೊಡೆಯಲು ಸೌಮ್ಯವಾದದ್ದು ಇಡಲು ಉಗ್ರ. ಸೇನೆಗಳು ಕರಿಮದ್ದನ್ನು ಬಿಟ್ಟದ್ದು ಅದು ಸಾಧುವಾಯಿತೆಂದಲ್ಲ.

ಹಳತು ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆ: ಡಬ್ಬಿಯಲ್ಲಿ ಬಹುಕಾಲ ಉಳಿದದ್ದು. ಅಜ್ಜನ ಕಾಲದ ಮದ್ದು, ಸತ್ತುಹೋಗಿರುತ್ತದೆ ಬಿಡಿ, ಎನ್ನುವವರಿದ್ದಾರೆ. ಔಷಧಿಗೆ ಅವಧಿ ಮುಗಿಯುವುದನ್ನು, ಬ್ಯಾಟರಿ ಸೊರಗುವುದನ್ನು ಕಂಡವರಿಗೆ ಇದು ಸಹಜವಾದ ಊಹೆ. ಹೊಗೆರಹಿತ ಮದ್ದಿನ ವಿಷಯದಲ್ಲಿ ಅದು ಸ್ವಲ್ಪ ನಿಜವೂ ಹೌದು. ಅದರಲ್ಲಿರುವ ನೈಟ್ರೋಸೆಲ್ಯುಲೋಸ್ ಕಾಲಕ್ರಮದಲ್ಲಿ ತಾನೇ ಕೆಡುವ ವಸ್ತು, ತಡೆಯಲು ಬೇರೆ ರಾಸಾಯನಿಕ ಸೇರಿಸಿರುತ್ತಾರೆ. ಕರಿಮದ್ದಿನ ಮೂರು ಪದಾರ್ಥಗಳೂ ಅಷ್ಟು ಸುಲಭಕ್ಕೆ ಬದಲಾಗುವಂಥವಲ್ಲ. ತೇವ ತಾಗದಂತೆ ಇದ್ದರೆ ತಲೆಮಾರುಗಳು ಉರುಳಿದರೂ ಅದು ಇದ್ದಂತೆಯೇ ಇರುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಹುಕಾಲ ಜನರ ನಡುವೆಯೇ ಇದ್ದ ಒಂದು ಹಳೆಯ ತೋಪನ್ನು 2013ರಲ್ಲಿ ಶುಚಿಮಾಡಲು ಹೋದವರಿಗೆ ಒಳಗೆ ಗುಂಡೂ, ಸುಮಾರು 800 ಗ್ರಾಂ ಮದ್ದೂ ಸಿಕ್ಕಿದವು. ಅದು 1780ರಲ್ಲಿ ಮುಳುಗಿದ ಬ್ರಿಟಿಷ್ ಹಡಗಿನ ತೋಪು. ಮದ್ದು ಇನ್ನೂ ಉರಿಯುವ ಸ್ಥಿತಿಯಲ್ಲಿತ್ತು. ಅಲ್ಲಿ ಯಾರಿಗೂ ಏನೂ ಆಗಲಿಲ್ಲ. 2008ರಲ್ಲಿ ವರ್ಜೀನಿಯಾದಲ್ಲಿ ಆಯಿತು. ಅಮೆರಿಕದ ಅಂತರ್ಯುದ್ಧದ ಕಾಲದ ಹಡಗು ತೋಪಿನ ಸ್ಫೋಟಕ ಗುಂಡೊಂದನ್ನು ಮನೆಯಂಗಳದಲ್ಲಿ ಶುಚಿಮಾಡುತ್ತಿದ್ದ ಅನುಭವಿ ಸಂಗ್ರಾಹಕರು ಅದು ಸಿಡಿದು ಅಲ್ಲೇ ತೀರಿಕೊಂಡರು. ಆ ಯುದ್ಧ ಮುಗಿದು 140 ವರ್ಷ ದಾಟಿತ್ತು. ಆದ್ದರಿಂದ ಪಿತ್ರಾರ್ಜಿತವಾಗಿ ಬಂದ ಕೋವಿಯೊಳಗೆ ಮದ್ದು ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ಇದೆ ಎಂದುಕೊಂಡೇ ತಿಳಿದವರ ಕೈಗೆ ಒಪ್ಪಿಸಬೇಕು. ಬೇಡವಾದ ಬಿಡಿ ಮದ್ದಿಗೆ ನೀರೇ ಮಾರ್ಗ: ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ, ಅದು ಕರಗಿ ಹೋದ ಮೇಲೆ ಉಳಿಯುವ ಇದ್ದಿಲು-ಗಂಧಕದ ಮಿಶ್ರಣ ಮದ್ದಲ್ಲ. ಆದರೆ ಒದ್ದೆಯಾದ ಮದ್ದು ಹಾಗೇ ಒಣಗಿದರೆ ಮತ್ತೆ ಉರಿಯಬಲ್ಲದು ಎಂಬುದನ್ನೂ ಜೊತೆಗೇ ನೆನಪಿಡಬೇಕು.

ಮೂರನೆಯದು ಕಬ್ಬಿಣದ ಬೀರು. ಎಲ್ಲ ತಪ್ಪು ಕಲ್ಪನೆಗಳ ಪೈಕಿ ನನಗೆ ಅತ್ಯಂತ ಕುತೂಹಲಕಾರಿ ಅನ್ನಿಸುವುದು ಇದು, ಏಕೆಂದರೆ ಜಾಗ್ರತೆಯ ಮನುಷ್ಯನೇ ಇದಕ್ಕೆ ಬಲಿಬೀಳುತ್ತಾನೆ. ಬೆಲೆಬಾಳುವುದನ್ನು, ಅಪಾಯಕಾರಿಯಾದುದನ್ನು ಗಟ್ಟಿ ಪೆಟ್ಟಿಗೆಯಲ್ಲಿಡಬೇಕು ಎಂಬುದು ನಮ್ಮ ಸಂಸಾರಜ್ಞಾನ. ಕಳ್ಳನ ಮಟ್ಟಿಗೆ ಅದು ಸರಿ. ಮದ್ದು ಮಾತ್ರ ಇಕ್ಕಟ್ಟಿನಲ್ಲಿ ಉರಿದಷ್ಟೂ ಉಗ್ರವಾಗುತ್ತದೆ: ಅನಿಲ ಹೊರಹೋಗದಿದ್ದರೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಉರಿ ವೇಗವಾಗುತ್ತದೆ, ಕಡೆಗೆ ಪೆಟ್ಟಿಗೆಯ ಗೋಡೆಯೇ ಚೂರುಚೂರಾಗಿ ಗುಂಡಿನ ಕೆಲಸ ಮಾಡುತ್ತದೆ. ಉಕ್ಕಿನ ಬೀರುವಿನಲ್ಲಿಟ್ಟ ಕರಿಮದ್ದು ತನಗೊಂದು ಬಾಂಬಿನ ಚಿಪ್ಪನ್ನು ಸಂಪಾದಿಸಿಕೊಂಡಂತೆ. ಆದ್ದರಿಂದಲೇ ಬ್ರಿಟನ್ನಿನಲ್ಲಿ ಹವ್ಯಾಸಿಗಳಿಗೆ ಹೇಳುವುದು ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ. ಒಳಗೆ ಖಾನೆಗಳು, ಒಂದು ಖಾನೆಗೆ ಒಂದೇ ಡಬ್ಬಿ, ಡಬ್ಬಿಯ ಮೇಲೆ ಒಂದಿಷ್ಟು ಖಾಲಿ ಜಾಗ. ಮರ ಹೊರಗಿನ ಬೆಂಕಿಯ ಶಾಖವನ್ನು ನಿಧಾನಕ್ಕೆ ಒಳಬಿಡುತ್ತದೆ. ಒಳಗಿನದು ಹೊತ್ತಿಕೊಂಡರೂ ಬೇಗ ಬಿಟ್ಟುಕೊಟ್ಟು ಒತ್ತಡ ಏರಲು ಬಿಡುವುದಿಲ್ಲ. ಒಂದು ಡಬ್ಬಿಯ ಬೆಂಕಿ ಪಕ್ಕದ ಡಬ್ಬಿಗೆ ತಕ್ಷಣ ತಲುಪದಂತೆ ಖಾನೆಗಳು ನೋಡಿಕೊಳ್ಳುತ್ತವೆ. ಈ ತಿಳಿವಳಿಕೆ ಹೊಸದೇನಲ್ಲ. 1802ರಲ್ಲಿ ಡೆಲವೇರಿನ ಬ್ರಾಂಡಿವೈನ್ ಹೊಳೆಯ ದಂಡೆಯಲ್ಲಿ ಮದ್ದಿನ ಗಿರಣಿ ಶುರುಮಾಡಿದ ಡು ಪಾಂಟ್ ಕುಟುಂಬದವರು ಗಿರಣಿಯ ಮೂರು ಗೋಡೆಗಳನ್ನು ಭಾರಿ ಕಲ್ಲಿನಲ್ಲಿ ಕಟ್ಟಿ, ಹೊಳೆಯ ಕಡೆಯ ನಾಲ್ಕನೆಯದನ್ನು ಬೇಕೆಂದೇ ಹಗುರವಾಗಿ ಬಿಟ್ಟರು. ಸಿಡಿದರೆ ನೀರಿನ ಕಡೆಗೆ ಸಿಡಿಯಲಿ ಎಂದು. ಶ್ರೀರಂಗಪಟ್ಟಣದಲ್ಲಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿದ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಇಂದಿಗೂ ಇವೆ. ದಪ್ಪ ಗೋಡೆ ಅಲ್ಲೂ ಇದೆ. ಆದರೆ ಕೋಟೆಯ ದಪ್ಪ ಗೋಡೆ ಶತ್ರುವಿನ ಗುಂಡನ್ನು ತಡೆಯಲು. ಮನೆಯೊಳಗಿನ ಬೀರುವಿಗೆ ಆ ಕೆಲಸವಿಲ್ಲ.

ಹಾಗಾದರೆ ಕಳ್ಳರ ಗತಿಯೇನು ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆ. ಬೆಂಕಿಗೆ ಒಳ್ಳೆಯದು ಹಗುರ ಪೆಟ್ಟಿಗೆ, ಕಳ್ಳತನಕ್ಕೆ ಒಳ್ಳೆಯದು ಗಟ್ಟಿ ಪೆಟ್ಟಿಗೆ. ಎರಡನ್ನೂ ಒಂದೇ ಪೆಟ್ಟಿಗೆಯಿಂದ ಬಯಸಿದರೆ ಎರಡೂ ಕೆಡುತ್ತವೆ. ಪೆಟ್ಟಿಗೆ ಮರದ್ದಿರಲಿ, ಬೀಗ ಅದಕ್ಕೂ ಇರಲಿ, ಅದನ್ನಿಟ್ಟ ಕೋಣೆಗೂ ಇರಲಿ. ಆ ಕೋಣೆ ಅಡಿಗೆಮನೆಯ ಪಕ್ಕ ಬೇಡ, ಮೆಟ್ಟಿಲ ಕೆಳಗೆ ಬೇಡ, ಬೆಂಕಿ ಬಿದ್ದಾಗ ಮನೆಯವರು ಓಡಿಹೋಗುವ ದಾರಿಯಲ್ಲಂತೂ ಬೇಡವೇ ಬೇಡ. ಕಿಡಿ ಹೊತ್ತಿಸುವ ಕೇಪುಗಳನ್ನು ಮದ್ದಿನ ಜೊತೆ ಇಡಬಾರದು. ಕಾರ್ಖಾನೆಯಿಂದ ಬಂದ ಡಬ್ಬಿಯನ್ನು ಬಿಟ್ಟು ಗಾಜಿನ ಶೀಶೆಗೋ ಕಬ್ಬಿಣದ ಡಬ್ಬಕ್ಕೋ ಸುರಿಯಬಾರದು.

ಎಷ್ಟು ಕೊಳ್ಳಬೇಕು ಎಂಬುದೂ ಇಡುವ ಪ್ರಶ್ನೆಯೇ. 1654ರ ಅಕ್ಟೋಬರ್ 12ರಂದು ಹಾಲೆಂಡಿನ ಡೆಲ್ಫ್ಟ್ ಊರಿನ ಮದ್ದಿನ ಉಗ್ರಾಣ ಸಿಡಿದು ಊರಿನ ದೊಡ್ಡ ಭಾಗವನ್ನೇ ನೆಲಸಮ ಮಾಡಿತು. ಸತ್ತವರಲ್ಲಿ ಚಿತ್ರಕಾರ ಕಾರೆಲ್ ಫ್ಯಾಬ್ರಿಟಿಯಸ್ ಕೂಡ ಇದ್ದರು. 1646ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗ್ರೇಟ್ ಟಾರಿಂಗ್ಟನ್‌ನಲ್ಲಿ ಸುಮಾರು 80 ಪೀಪಾಯಿ ಮದ್ದು ಸಂಗ್ರಹಿಸಿದ್ದ ಚರ್ಚೇ ಸಿಡಿಯಿತು, ಒಳಗೆ ಕೈದಿಗಳಿದ್ದರು. ಆ ದಿನ ಆ ಊರಿನಲ್ಲಿ ಇಷ್ಟೊಂದು ಜನರನ್ನು ಒಂದೇ ಏಟಿಗೆ ಕೊಂದ ಕೋವಿ ಯಾವುದೂ ಇರಲಿಲ್ಲ. ಹವ್ಯಾಸಿಯ ಮನೆಯಲ್ಲಿ ಪೀಪಾಯಿಗಳಿಲ್ಲ ನಿಜ. ಆದರೆ ಕೊಳ್ಳುವ ವ್ಯವಸ್ಥೆಯೇ ಸಂಗ್ರಹವನ್ನು ಬೆಳೆಸುವ ಒಂದು ಬಗೆಯಿದೆ. ಅಮೆರಿಕದಲ್ಲಿ ಕರಿಮದ್ದನ್ನು ಅಂಚೆಯಲ್ಲಿ ತರಿಸುವಂತಿಲ್ಲ. ಅಪಾಯಕಾರಿ ಸರಕಿನ ಸಾಗಾಟಕ್ಕೆ ಪ್ರತಿ ಸಲವೂ ಬೇರೆ ಶುಲ್ಕ ತೆರಬೇಕು. ಒಂದು ಡಬ್ಬಿ ತರಿಸಿದರೂ ಶುಲ್ಕ ಅಷ್ಟೇ, ಇಪ್ಪತ್ತೈದು ತರಿಸಿದರೂ ಹೆಚ್ಚುಕಡಿಮೆ ಅಷ್ಟೇ ಎಂದಾದಾಗ ಮನುಷ್ಯ ಯಾವುದನ್ನು ಆರಿಸುತ್ತಾನೆ ಎಂದು ಹೇಳಬೇಕಿಲ್ಲ. ಸುರಕ್ಷತೆಗೆಂದು ಹಾಕಿದ ಶುಲ್ಕ ಮನೆಯಲ್ಲಿನ ರಾಶಿಯನ್ನು ದೊಡ್ಡದು ಮಾಡುತ್ತದೆ. 1970ರ ಕಾನೂನಿನಲ್ಲಿ 5 ಪೌಂಡ್ ಇದ್ದ ರಿಯಾಯಿತಿಯನ್ನು ಅದೇ ದಶಕದಲ್ಲಿ 50ಕ್ಕೆ ಏರಿಸಿದ್ದು, ಅಂದರೆ 22 ಕಿಲೋಗೂ ಮೇಲೆ, ವಾಸದ ಮನೆಗೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಮಸ್ಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುವ ಒಬ್ಬನಿಗೆ ಒಂದು ಪ್ರದರ್ಶನಕ್ಕೆ ಬೇಕಾಗುವುದು ಗ್ರಾಂಗಳ ಲೆಕ್ಕದಲ್ಲಿ. ಒಂದು ಹಂಗಾಮಿಗೆ ಬೇಕಾದಷ್ಟು ಕೊಂಡು, ತೂಕ ಬರೆದಿಟ್ಟು, ಹಂಗಾಮು ಮುಗಿದಾಗ ಉಳಿದದ್ದನ್ನು ಮತ್ತೆ ತೂಗಿ ನೋಡುವುದೇ ಸರಿಯಾದ ಕ್ರಮ. ಕೊಳ್ಳುವಾಗ ಕಾಳಿನ ಗಾತ್ರವನ್ನೂ ನೋಡಬೇಕು. ಡಬ್ಬಿಯ ಮೇಲೆ ಎಫ್ ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿಯ ವೇಗ ಹೆಚ್ಚು: ಒಂದು ಎಫ್ ತೋಪಿಗೆ, ಎರಡು ಮಸ್ಕೆಟ್ಟಿಗೆ, ಮೂರು ಪಿಸ್ತೂಲಿಗೆ, ನಾಲ್ಕು ರಂಜಕಕ್ಕೆ, ಅಂದರೆ ಮೊದಲ ಕಿಡಿ ಹಿಡಿಯುವ ಮದ್ದಿಗೆ, ಎಂಬುದು ರೂಢಿ. ರಂಜಕಕ್ಕೆಂದಿರುವ ಹಿಟ್ಟಿನಂಥ ಮದ್ದನ್ನು ಮಸ್ಕೆಟ್ಟಿನ ನಳಿಗೆಗೆ ತುಂಬಿದರೆ ಅದೇ ತೂಕದಲ್ಲಿ ಬೇರೆಯದೇ ಒತ್ತಡ ಹುಟ್ಟುತ್ತದೆ.

ಇನ್ನು ಗುಂಡಿಲ್ಲದ ಕೋವಿ. ಪ್ರದರ್ಶನಗಳ ಇಡೀ ಧೈರ್ಯ ನಿಂತಿರುವುದು ಇದರ ಮೇಲೆ. ಗುಂಡಿಲ್ಲದಿದ್ದರೂ ನಳಿಗೆಯ ಬಾಯಿಂದ ಬಿಸಿ ಅನಿಲ, ಇನ್ನೂ ಉರಿಯುತ್ತಿರುವ ಕಾಳು, ತುರುಕಿದ ಕಾಗದದ ಚೂರು ಹೊರಬರುತ್ತವೆ. ಹತ್ತಿರದಿಂದ ಇವಿಷ್ಟೇ ಕಣ್ಣು ಕಳೆಯಬಲ್ಲವು, ಜೀವವನ್ನೂ. 1984ರಲ್ಲಿ ಅಮೆರಿಕದ ನಟ ಜಾನ್-ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ಗುಂಡಿಲ್ಲದೆ ಮದ್ದಷ್ಟೇ ಇರುವ ತೋಟೆಯಿದ್ದ ರಿವಾಲ್ವರನ್ನು ತಮಾಷೆಗೆಂದು ತಲೆಗೆ ಹಿಡಿದು ಒತ್ತಿ ಪ್ರಾಣ ಕಳೆದುಕೊಂಡರು. ಅದು ಈ ಕಾಲದ ತೋಟೆ, ಕರಿಮದ್ದಿನದಲ್ಲ. ಆದರೆ ಗುಂಡಿಲ್ಲ ಎಂದರೆ ಅಪಾಯವಿಲ್ಲ ಎಂಬ ನಂಬಿಕೆ ಎರಡು ಕಡೆಯೂ ಒಂದೇ. ಚಕಮಕಿ ಕೋವಿಯಲ್ಲಿ ಪಕ್ಕದ ರಂಜಕದ ಬಟ್ಟಲಿನಿಂದ ಬಲಗಡೆಗೆ ಉರಿ ಚಿಮ್ಮುತ್ತದೆ. ಸಾಲಿನಲ್ಲಿ ಬಲಕ್ಕೆ ನಿಂತವನ ಮುಖ ಅಲ್ಲೇ ಇರುತ್ತದೆ. ಹಲವು ಪ್ರದರ್ಶನಗಳಲ್ಲಿ ಆ ಬಟ್ಟಲಿಗೆ ಹಿತ್ತಾಳೆಯ ತಡೆತಗಡು ಇಲ್ಲದೆ ಒಳಗೆ ಬಿಡದಿರುವುದು ಇದಕ್ಕೇ. ಮೂಲದ ಕೋವಿಗಳಲ್ಲಿ ಅಂಥ ತಗಡು ಸಾಮಾನ್ಯವಾಗಿ ಇರಲಿಲ್ಲವಲ್ಲ ಎಂದು ಗೊಣಗುವವರಿದ್ದಾರೆ. ಮೂಲದ ಯುದ್ಧದಲ್ಲಿ ಮಧ್ಯಾಹ್ನದ ಮೇಲೆ ಸತ್ತವರು ಎದ್ದು ಚಹಾ ಕುಡಿಯಲು ಹೋಗುತ್ತಿರಲಿಲ್ಲ ಎಂಬುದನ್ನು ಅವರಿಗೆ ನೆನಪಿಸಬೇಕು. ಗುಂಡಿಲ್ಲ ಎಂಬ ಮಾತೇ ಕೆಲವು ಸಲ ಸುಳ್ಳಾಗುತ್ತದೆ. 1998ರಲ್ಲಿ ಗೆಟ್ಟಿಸ್‌ಬರ್ಗ್ ಕದನದ 135ನೆಯ ವರ್ಷದ ಮರುಪ್ರದರ್ಶನದಲ್ಲಿ ಒಬ್ಬ ಹವ್ಯಾಸಿಯ ಕುತ್ತಿಗೆಗೆ ಪಿಸ್ತೂಲಿನ ನಿಜವಾದ ಗುಂಡು ತಗುಲಿತು. ಬಾಯಿಂದ ಜಡಿಯುವ ಕೋವಿಯೊಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅಸಲಿ ಗೆಟ್ಟಿಸ್‌ಬರ್ಗ್ ಕದನದ ನಂತರ ಮೈದಾನದಲ್ಲಿ ಆಯ್ದ 27,574 ಕೋವಿಗಳ ಪೈಕಿ ಸುಮಾರು 24,000 ಜಡಿದೇ ಇದ್ದವು, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಸಲ ಜಡಿದದ್ದಿತ್ತು ಎಂದು ಅಂದಿನ ಲೆಕ್ಕ ಹೇಳುತ್ತದೆ. ಸುತ್ತಲೂ ಗುಂಡಿನ ಸದ್ದು ತುಂಬಿರುವಾಗ ತನ್ನ ಕೋವಿ ಹಾರಲಿಲ್ಲ ಎಂಬುದು ಹಿಡಿದವನಿಗೇ ತಿಳಿಯದೆ ಹೋಗಬಹುದು. ಅವನು ಮತ್ತೆ ಮದ್ದು ಸುರಿಯುತ್ತಾನೆ. ಮುಂದಿನ ಸಲ ಹೊತ್ತುವುದು ಎರಡು ಪಾಲು, ಅಥವಾ ಮೂರು.

ಹೀಗಾಗಿ ಬಳಕೆಯ ನಿಯಮಗಳೂ ಮದ್ದಿನ ಸ್ವಭಾವದಿಂದಲೇ ಹುಟ್ಟಬೇಕು. ಪ್ರದರ್ಶನ ತಂಡಗಳಲ್ಲಿ ಇವು ಬಹುಪಾಲು ರೂಢಿಯಲ್ಲಿವೆ. ಕಾರಣ ಹೇಳದೆ ಆಜ್ಞೆಯಾಗಿ ಹೇಳುವುದರಿಂದ ಮುರಿಯಲ್ಪಡುತ್ತವೆ.

1. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಏಟಿನ ಕೆಂಡವೊಂದು ಒಳಗೆ ಉಳಿದಿದ್ದರೆ ಹೊತ್ತುವುದು ಒಂದು ಅಳತೆಯಲ್ಲ, ಕೈಯಲ್ಲಿರುವ ಇಡೀ ಕೊಂಬು. ಮೊದಲೇ ತೂಗಿ ಕಟ್ಟಿದ ಕಾಗದದ ತೋಟೆಯಿಂದಲೇ ಸುರಿಯಬೇಕು.

2. ಜಡಿಯುವ ಕೋಲನ್ನು ಕದನದ ಅಭಿನಯದಲ್ಲಿ ಹೊರತೆಗೆಯಬಾರದು. ಗಡಿಬಿಡಿಯಲ್ಲಿ ನಳಿಗೆಯೊಳಗೇ ಮರೆತ ಕೋಲು ಈಟಿಯಾಗುತ್ತದೆ. ಗುಂಡಿಲ್ಲದ ಮದ್ದಿಗೆ ಜಡಿಯುವ ಅಗತ್ಯವೂ ಇಲ್ಲ.

3. ಹಾರದ ಕೋವಿಯ ಬಾಯಿ ಯಾರ ಕಡೆಗೂ ತಿರುಗದಂತೆ ಕಾದು, ಸಾಲಿನಿಂದ ಹೊರಬಂದು, ಮೇಲ್ವಿಚಾರಕನ ಎದುರು ತೆರವು ಮಾಡಬೇಕು. ನಾಚಿಕೆಯಿಂದ ಸಾಲಿನಲ್ಲೇ ನಿಂತು ಹಾರಿಸಿದಂತೆ ನಟಿಸುವವನು ಪಕ್ಕದವನಿಗೆ ಅಪಾಯ.

4. ತೋಪಿನಲ್ಲಿ ಒಂದು ಏಟಿಗೂ ಮುಂದಿನದಕ್ಕೂ ನಡುವೆ ನಳಿಗೆಯನ್ನು ಒದ್ದೆ ಕುಂಚದಿಂದ ಒರೆಸಿ, ಮದ್ದಿನ ಚೀಲದ ಉಳಿಕೆಯನ್ನು ಕೆರೆದು ತೆಗೆದು, ಕೆಲವು ನಿಮಿಷವಾದರೂ ಬಿಡಬೇಕು. ಒರೆಸುವಾಗ ಮತ್ತು ತುಂಬುವಾಗ ಹಿಂದಿನ ರಂಧ್ರವನ್ನು ಬೆರಳಿನಿಂದ ಮುಚ್ಚಿರಬೇಕು. ಗಾಳಿ ಆಡಿದರೆ ಕೆಂಡಕ್ಕೆ ಜೀವ ಬರುತ್ತದೆ.

ನಮ್ಮ ಹಿರಿಯರು ಇಷ್ಟೆಲ್ಲ ನಿಯಮವಿಲ್ಲದೆ ಬಳಸಲಿಲ್ಲವೇ ಎಂಬ ಆಕ್ಷೇಪ ಎಲ್ಲ ದೇಶಗಳಲ್ಲೂ ಬರುತ್ತದೆ. ಬಳಸಿದರು, ಅದಕ್ಕೆ ಬೆಲೆಯನ್ನೂ ತೆತ್ತರು. 1642ರ ಎಡ್ಜ್‌ಹಿಲ್ ಕದನದ ಅಂದಿನ ವರದಿಯೊಂದರ ಪ್ರಕಾರ, ಉರಿಬತ್ತಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡೇ ಪೀಪಾಯಿಯೊಳಗೆ ಕೈಹಾಕಿದ ಒಬ್ಬ ಸೈನಿಕನಿಂದ ಮದ್ದು ಸಿಡಿದು ತಮ್ಮವರೇ ಹಲವರು ಸತ್ತರು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆಯನ್ನು ಹೈದರ್ ಮತ್ತು ಟಿಪ್ಪು ಮುರಿದಾಗ ಕದನದ ದಿಕ್ಕು ಬದಲಿಸಿದ್ದು ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಚಿತ್ರದಲ್ಲಿ ಆ ಸ್ಫೋಟವನ್ನೂ ಬರೆದಿದ್ದಾರೆ. ಆ ಕಾಲದವರು ಮದ್ದಿಗೆ ಹೆದರುತ್ತಿರಲಿಲ್ಲ ಎಂಬುದೇ ನಮ್ಮ ಕಲ್ಪನೆ. ಮದ್ದಿನ ಗಿರಣಿಗಳಲ್ಲಿ ಕಬ್ಬಿಣದ ಬದಲು ಮರ-ತಾಮ್ರದ ಸಲಕರಣೆ ಇಟ್ಟವರು, ಕಬ್ಬಿಣದ ಮೊಳೆಯಿರುವ ಜೋಡು ಹಾಕಿ ಒಳಗೆ ಬರಬಾರದೆಂದವರು ಅವರೇ. ಶಿಸ್ತನ್ನು ಬಿಟ್ಟು ಬರೀ ಕೊಂಬನ್ನು ನಕಲು ಮಾಡಿದರೆ ಇತಿಹಾಸಕ್ಕೆ ನಿಷ್ಠರಾದಂತಾಗುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಅಡಿಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಬೈಕಿನಲ್ಲಿ ಪೆಟ್ರೋಲ್ ಇದೆ, ಅವುಗಳಿಂದ ಎಷ್ಟೋ ಹೆಚ್ಚು ಜನ ಸಾಯುತ್ತಾರೆ, ನಾಲ್ಕು ಡಬ್ಬಿ ಮದ್ದಿಗೆ ಮಾತ್ರ ಏಕಿಷ್ಟು ಕಾಗದಪತ್ರ? ಸಾವಿನ ಒಟ್ಟು ಲೆಕ್ಕದಲ್ಲಿ ಇದು ನಿಜ, ಮದ್ದು ಬಳಸುವವರೇ ಕಡಿಮೆಯಾದ್ದರಿಂದ. ಆದರೆ ಗ್ಯಾಸಿಗೆ ಸೋರುವ, ಗಾಳಿಯಲ್ಲಿ ಬೆರೆಯುವ ಹಂತವಿದೆ. ಆ ನಡುವೆ ವಾಸನೆ ಬರುತ್ತದೆ, ಕಿಟಕಿ ತೆರೆಯಲು ಹೊತ್ತು ಸಿಗುತ್ತದೆ. ಮದ್ದಿಗೆ ಆ ಎಚ್ಚರಿಕೆಯ ಹಂತವಿಲ್ಲ. ಗಾಳಿ ತಡೆದು ಆರಿಸುವ ನಂದಕಗಳೂ ಅದರ ಮುಂದೆ ಸುಮ್ಮನೆ. ಅದಕ್ಕೆ ಹೊರಗಿನ ಗಾಳಿಯೇ ಬೇಡವಲ್ಲ. ಮದ್ದಿಗೆ ಬೆಂಕಿ ತಲುಪಿದ ಮೇಲೆ ಮಾಡಬೇಕಾದದ್ದು ದೂರ ಓಡುವುದು, ಬರುವ ಅಗ್ನಿಶಾಮಕ ದಳದವರಿಗೆ ಒಳಗೆ ಮದ್ದಿದೆ ಎಂದು ಹೇಳುವುದು. ಹೇಳದೆ ಮುಚ್ಚಿಟ್ಟವನ ಮನೆಯೊಳಗೆ ಆ ಜನ ನುಗ್ಗಿದರೆ ಏನಾದೀತು ಎಂದು ಯೋಚಿಸಿದರೆ ಕಾಗದಪತ್ರದ ಅರ್ಥ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರದ ಆಕ್ಷೇಪ ಬೇರೆ ಇದೆ. ಮಾರುವ ಅಂಗಡಿ ದೂರವಾದಷ್ಟೂ, ಪರವಾನಗಿ ತಡವಾದಷ್ಟೂ, ಜನ ಮನೆಯಲ್ಲೇ ಮದ್ದು ಮಾಡಿಕೊಳ್ಳಲು ಹೊರಡುತ್ತಾರೆ. ನಿಯಮ ಬಿಗಿಯಾದಷ್ಟೂ ಅಪಾಯ ಹೆಚ್ಚುತ್ತದೆ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. ಮದ್ದಿನ ಇತಿಹಾಸದಲ್ಲಿ ಅತಿ ಅಪಾಯದ ಜಾಗ ಯುದ್ಧಭೂಮಿಗಿಂತ ಮದ್ದು ತಯಾರಿಸುವ ಜಾಗವೇ ಆಗಿತ್ತು ಎನ್ನಬಹುದು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಭಾರಿ ಕಲ್ಲುಗಳನ್ನು ತೆರೆದ ಗುಂಡಿಯಲ್ಲಿ ಕಂಡವರು, ಅದು ಮನೆಯ ಮೂಲೆಯಲ್ಲಿ ನಡೆಯುವ ಕೆಲಸವಾಗಿರಲಿಲ್ಲ ಎಂಬುದನ್ನು ಗಮನಿಸಿರಬಹುದು. ಅಪಾಯ ಕಡಿಮೆ ಎಂದು ರೂಪಿಸಿದ ಬದಲಿ ಮದ್ದು ಪೈರೋಡೆಕ್ಸ್‌ನ ಜನಕ ಡ್ಯಾನ್ ಪಾವ್ಲಾಕ್ ಕೂಡ 1977ರಲ್ಲಿ ತಮ್ಮ ತಯಾರಿಕಾ ಘಟಕದ ಅವಘಡದಲ್ಲೇ ತೀರಿಕೊಂಡರು. (ಆ ಬದಲಿ ಮದ್ದು ಇಡಲು ಸೌಮ್ಯ, ಆದರೆ ಚಕಮಕಿಯ ಕಿಡಿಗೆ ಸರಿಯಾಗಿ ಹೊತ್ತುವುದಿಲ್ಲ, ಹಳೆಯ ಮಸ್ಕೆಟ್ಟಿನವರಿಗೆ ಅದರಿಂದ ಪ್ರಯೋಜನ ಕಡಿಮೆ.) ಆದರೆ ಈ ಆಕ್ಷೇಪದಿಂದ ಹೊರಡುವ ತೀರ್ಮಾನ ನಿಯಮ ಸಡಿಲಿಸಬೇಕು ಎಂಬುದಲ್ಲ, ದಾರಿ ನೇರ ಮಾಡಬೇಕು ಎಂಬುದು. ಪೆಟ್ಟಿಗೆ ಹೇಗಿರಬೇಕೆಂದು ಅಳತೆ ಸಹಿತ ಹೇಳಿ, ಬಂದು ನೋಡಿ, ನಿಗದಿತ ಪ್ರಮಾಣಕ್ಕೆ ಅನುಮತಿ ಕೊಡುವ ವ್ಯವಸ್ಥೆಯಿದ್ದರೆ ಮರ್ಯಾದಸ್ಥ ಹವ್ಯಾಸಿಗೆ ಕಳ್ಳದಾರಿ ಬೇಕಾಗುವುದಿಲ್ಲ. ಸುಮ್ಮನೆ ಅರ್ಜಿ ಹಿಡಿದಿಟ್ಟುಕೊಳ್ಳುವ ಬಿಗಿ ಬಿಗಿಯೇ ಅಲ್ಲ.

ನಮ್ಮಲ್ಲಿ ಇಂಗ್ಲೆಂಡಿನ ಮಾದರಿಯ ಕದನದ ಮರುಪ್ರದರ್ಶನ ಬೆಳೆದಿಲ್ಲ. ಬೆಳೆದರೆ ತಪ್ಪೇನೂ ಇಲ್ಲ. ಆದರೆ ಹಳೆಯ ಕೋವಿ-ತೋಪುಗಳು ಇನ್ನೂ ಸದ್ದು ಮಾಡುವ ಎರಡು ಸಂದರ್ಭಗಳು ನಮ್ಮವೇ ಇವೆ. ಮೈಸೂರು ದಸರೆಯ ಜಂಬೂಸವಾರಿಯ ದಿನ ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು ಹಾರಿಸುವವರು ಪೊಲೀಸ್ ಸಿಬ್ಬಂದಿ. ಅದಕ್ಕೂ ಮುನ್ನ ಆನೆ-ಕುದುರೆಗಳಿಗೆ ಸದ್ದಿನ ಅಭ್ಯಾಸ ಮಾಡಿಸುವ ತಾಲೀಮಿನಲ್ಲಿ ಆ ಸಿಬ್ಬಂದಿಗೂ ಕೈಪಳಗುತ್ತದೆ. ಅಲ್ಲಿ ಪ್ರತಿಯೊಬ್ಬನಿಗೂ ಒಂದೊಂದೇ ಕೆಲಸ: ಒರೆಸುವವನು ಒರೆಸುತ್ತಾನೆ, ತುಂಬುವವನು ತುಂಬುತ್ತಾನೆ. ಕೊಡಗಿನಲ್ಲಿ ಚಿತ್ರ ಬೇರೆ. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯ, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ, ಇವೆಲ್ಲ ಮನೆಮನೆಯ ಸಂಗತಿಗಳು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆ ವ್ಯಾಜ್ಯದ ಪ್ರಶ್ನೆ ಕೋವಿ ಇಟ್ಟುಕೊಳ್ಳುವ ಹಕ್ಕು ಯಾರಿಗೆ ಎಂಬುದಾಗಿತ್ತು. ಹಕ್ಕಿನ ಪ್ರಶ್ನೆಯಾಗಿ ಅದು ಸರಿಯೇ. ಸುರಕ್ಷತೆಯ ಪ್ರಶ್ನೆ ಅದರಿಂದ ತೀರುವುದಿಲ್ಲ, ಏಕೆಂದರೆ ಕೋವಿಯ ಹಕ್ಕು ಉಳ್ಳವನ ಮನೆಯಲ್ಲೂ ಇಲ್ಲದವನ ಮನೆಯಲ್ಲೂ ಕರಿಮದ್ದು ಒಂದೇ ರೀತಿ ಉರಿಯುತ್ತದೆ.

ಆದ್ದರಿಂದ ಮುಂದೆ ಯಾವುದೇ ಊರಿನ ಉತ್ಸವದಲ್ಲಿ, ಕೋಟೆಯಂಗಳದಲ್ಲಿ, ಕಾಲೇಜಿನ ಇತಿಹಾಸ ಸಂಘದಲ್ಲಿ ಹಳೆಯ ಕೋವಿ ಹಾರಿಸುವ ಪ್ರಸ್ತಾಪ ಬಂದರೆ, ಅನುಮತಿ ಕೊಡುವವರೂ ನೋಡಲು ಹೋಗುವವರೂ ಕೋವಿಯ ಲೈಸೆನ್ಸಿನ ಜೊತೆಗೆ ಮೂರು ಪ್ರಶ್ನೆ ಕೇಳಬೇಕು. ಮದ್ದನ್ನು ಯಾರಿಂದ, ಎಷ್ಟು ತಂದಿರಿ? ನಿನ್ನೆ ರಾತ್ರಿ ಅದು ಎಲ್ಲಿ, ಯಾವ ಪೆಟ್ಟಿಗೆಯಲ್ಲಿ ಇತ್ತು? ಉಳಿದದ್ದು ಎಷ್ಟೆಂದು ಸಂಜೆ ಲೆಕ್ಕ ಹಾಕುವವರು ಯಾರು? ಈ ಮೂರಕ್ಕೂ ತಡವರಿಸದೆ ಉತ್ತರ ಕೊಡಲಾರದವರ ಕೋವಿಗೆ ಎಷ್ಟೇ ಕ್ರಮಬದ್ಧವಾದ ಲೈಸೆನ್ಸ್ ಇದ್ದರೂ ಅದನ್ನು ಹಾರಿಸಲು ಬಿಡಬಾರದು.